ಕಡ್ಡಿಪೆಟ್ಟಿಗೆಯ ಜೀರಂಗಿಯೂ ಜಪಾನಿನ ಜೇಬುಪ್ರಾಣಿಗಳೂ

ಪಂಚಮಿಗೆಂದು ತವರಿಗೆ ಬಂದ ನನ್ನ ತಂಗಿಯ ಜೊತೆಯಲ್ಲಿ ರಾಯಚೂರಿನಿಂದ ನೀರಮಾನ್ವಿಗೆ ಬಂದಿದ್ದ ಅವಳ ಮಗ, ಹನ್ನೊಂದು ವರ್ಷದ ಪೋರ, ಹೊರಗೆ ಬೇವಿನ ಕೊಂಬೆಗೆ ಕಟ್ಟಿದ್ದ ಜೋಕಾಲಿಯನ್ನೂ ಒಳಗೆ ಡಬ್ಬಿಯಲ್ಲಿ ತುಂಬಿಟ್ಟಿದ್ದ ಶೇಂಗಾ ಉಂಡಿಯನ್ನೂ ಸಮಾನವಾಗಿ ಅಲಕ್ಷಿಸಿ, ಕಟ್ಟೆಯ ಮೂಲೆಯಲ್ಲಿ ಹಳೆಯದೊಂದು ಮೊಬೈಲನ್ನು ಎರಡೂ ಕೈಗಳಿಂದ ಅಡ್ಡಲಾಗಿ ಹಿಡಿದು ಧ್ಯಾನಸ್ಥನಂತೆ ಕುಳಿತಿದ್ದವನು, ಇದ್ದಕ್ಕಿದ್ದಂತೆ "ಮಾಮಾ, ರಾಯ್ಚು ಆತು!" ಎಂದು ಕೂಗಿಕೊಂಡನು. ಪತ್ರಿಕೆಯ ಹಿಂದೆ ಅರೆನಿದ್ರೆಯಲ್ಲಿದ್ದ ನಾನು ಬೆಚ್ಚಿ, "ರಾಯ್ಚೂರಿಗೆ ಏನಾತಪಾ?" ಎಂದು ಕೇಳಿದೆನು.

"ರಾಯ್ಚೂರಲ್ಲ ಮಾಮಾ, ರಾಯ್ಚು. ಪಿಕಾಚುಗ ಮಿಂಚಿನ ಕಲ್ಲು ಕೊಟ್ರ ರಾಯ್ಚು ಆಗ್ತದ. ನಿಮಗ ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ. ಜಪಾನೀ ಭಾಷೆಯಲ್ಲಿ 'ರಾಯ್' ಎಂದರೆ ಗುಡುಗು ಸಿಡಿಲು, 'ಚೂ' ಎಂಬುದು ಇಲಿಯ ಕೀಚುಧ್ವನಿಯ ಅನುಕರಣ. ಮೈಯಲ್ಲಿ ವಿದ್ಯುತ್ತನ್ನು ತುಂಬಿಕೊಂಡಿರುವ ಒಂದು ಕಲ್ಪಿತ ಮೂಷಿಕಕ್ಕೆ ಆ ಹೆಸರು. 1985ರಲ್ಲಿ ಮೊದಲ ಘಟಕವನ್ನು ಹೊತ್ತಿಸಿ, ಇಂದು ಎಂಟು ಘಟಕಗಳಿಂದ 1720 ಮೆಗಾವಾಟ್ ಉತ್ಪಾದಿಸುವ ಸಾಮರ್ಥ್ಯವುಳ್ಳ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವನ್ನು ಕೃಷ್ಣೆಯ ದಡದಲ್ಲಿ ಹೊತ್ತಿರುವ ಜಿಲ್ಲೆಯ ಹೆಸರಿಗೂ, ಕೆನ್ನೆಯಿಂದ ಮಿಂಚು ಸಿಡಿಸುವ ಈ ಇಲಿಯ ಹೆಸರಿಗೂ ಒಂದೇ ಒಂದು 'ರು'ಕಾರದ ಅಂತರವೆಂಬುದನ್ನು ಕಂಡಾಗ, ಶಬ್ದಗಳಿಗೂ ತಮ್ಮದೇ ಆದ ಒಂದು ಹಾಸ್ಯಪ್ರವೃತ್ತಿ ಉಂಟೆಂಬ ನನ್ನ ಹಳೆಯ ಅನುಮಾನ ಬಲವಾಯಿತು. ರಾಯಚೂರಿನ ಶಾಲೆಗಳಲ್ಲಿ ಈ ವಿನೋದವನ್ನು ಮಕ್ಕಳು ಎಂದೋ ಮಾಡಿ ಮುಗಿಸಿದ್ದಾರೆಂದು ಅಳಿಯನಿಂದಲೇ ತಿಳಿಯಿತು. "ಗೌರವ ಕೊಟ್ಟು ಕರದ್ರ ರಾಯ್ಚುರು ಅಂತಾರ ನೋಡ್ರಿ" ಎಂದು ಅವನು ನಕ್ಕನು.

ಪೋಕೆಮಾನ್ ಎಂಬ ಹೆಸರಿನಿಂದ ಲೋಕವೆಲ್ಲ ಬಲ್ಲ ಈ ಆಟದ ಸರಣಿ 'ಪಾಕೆಟ್ ಮಾನ್‌ಸ್ಟರ್ಸ್', ಅಂದರೆ ಜೇಬಿನೊಳಗಿನ ರಾಕ್ಷಸರು, ಎಂಬ ಮಾತಿನ ಸಂಕ್ಷೇಪ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಕೆಂಪು, ಹಸುರು ಎಂಬ ಎರಡು ಆವೃತ್ತಿಗಳಲ್ಲಿ ಹೊರಟ ಅದು ಅಲ್ಲಿಂದೀಚೆಗೆ ಮೂರು ದಶಕಗಳ ಕಾಲ ಎಡೆಬಿಡದೆ ಬೆಳೆದು ಬಂದಿದೆ. ಮೊದಲಿಗೆ 151 ಇದ್ದ ಪ್ರಾಣಿಗಳು ಇಂದು ಸಾವಿರದ ಗಡಿಯನ್ನು ದಾಟಿ 1025 ಆಗಿವೆ. ಬೆಳವಣಿಗೆಯ ಈ ಲೆಕ್ಕವನ್ನು ಯಾರಾದರೂ ಒಪ್ಪಿಸಬಹುದು. ನನ್ನ ಕುತೂಹಲ ಹೋದದ್ದು ಬೇರೆ ಕಡೆಗೆ. ಈ ಆಟದ ಹೊಟ್ಟೆಯೊಳಗೆ ಇರುವುದು ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಹುಳು.

ಮುಂಗಾರಿನ ಮಳೆಗಳು ಎರಡು ಮೂರು ಬಿದ್ದು ಜಾಲಿಯ ಗಿಡಗಳು ಚಿಗುರಿದ ಮೇಲೆ, ಆ ಚಿಗುರನ್ನು ಮೇಯಲು ಬರುತ್ತಿದ್ದ ಜೀರಂಗಿಯನ್ನು (ದಕ್ಷಿಣದವರು ಜೀರ್ಜಿಂಬೆ ಎನ್ನುವುದು ಇದನ್ನೇ) ಹಿಡಿದು, ಖಾಲಿ ಕಡ್ಡಿಪೆಟ್ಟಿಗೆಯೊಳಗೆ ನಾಲ್ಕು ಜಾಲಿಯೆಲೆಗಳ ಹಾಸಿಗೆಯ ಮೇಲೆ ಮಲಗಿಸಿ, ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗದ ಹುಡುಗನು ನಮ್ಮ ಕಾಲದಲ್ಲಿ ನಮ್ಮೂರಿನಲ್ಲಿ ಇರಲಿಲ್ಲ. ಪಚ್ಚೆಯನ್ನೂ ನವಿಲುಗರಿಯನ್ನೂ ಅರೆದು ಎರಕ ಹೊಯ್ದಂತಹ ಅದರ ಬೆನ್ನು. ಕಿವಿಯ ಹತ್ತಿರ ಹಿಡಿದರೆ ಪೆಟ್ಟಿಗೆಯೊಳಗಿಂದ ಬರುವ ಪರಪರ ಸದ್ದು. ಬೆಳಿಗ್ಗೆ ತೆರೆದಾಗ ಎಲೆಗಳ ನಡುವೆ ಒಮ್ಮೊಮ್ಮೆ ಕಾಣುವ ಅಕ್ಕಿಕಾಳಿನಂತಹ ತತ್ತಿ. ಹಿಂದಿನ ಓಣಿಯ ನನ್ನ ಗೆಳೆಯನೊಬ್ಬನ ಬಳಿ ಯಾವಾಗಲೂ ನನ್ನದಕ್ಕಿಂತ ದೊಡ್ಡದು ಇರುತ್ತಿತ್ತು. ಒಂದು ದೊಡ್ಡದಕ್ಕೆ ಎರಡು ಚಿಕ್ಕವು, ಜೊತೆಗೊಂದು ಬಳಪದ ತುಂಡು; ಹೀಗೆ ನಮ್ಮ ಕ್ರಯವಿಕ್ರಯ ನಡೆಯುತ್ತಿತ್ತು. ಅಂಗೈಯಿಂದ ಅಂಗೈಗೆ ಹುಳು ದಾಟುವ ಆ ಕ್ಷಣದಲ್ಲಿ ಅದು ಹಾರಿಹೋದೀತೆಂಬ ಭಯದಿಂದ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಈ ಆಟವನ್ನು ಕಲ್ಪಿಸಿದ ಸತೋಷಿ ತಾಜಿರಿಯೂ ಇಂಥದೇ ಹುಡುಗ. ಹುಟ್ಟಿದ್ದು 1965ರಲ್ಲಿ, ಬೆಳೆದದ್ದು ಟೋಕಿಯೋ ನಗರದ ಅಂಚಿನ ಮಾಚಿದಾದಲ್ಲಿ, ಆಗಿನ್ನೂ ಗದ್ದೆ, ಕೆರೆ, ಕುರುಚಲು ಕಾಡು ಉಳಿದಿದ್ದ ಪ್ರದೇಶದಲ್ಲಿ. ಓರಗೆಯ ಹುಡುಗರು ಅವನನ್ನು ಹುಳುಗಳ ಡಾಕ್ಟರ್ ಎಂದು ಕರೆಯುತ್ತಿದ್ದರಂತೆ. ದುಂಬಿಗಳು ಕಲ್ಲಿನ ಅಡಿಯಲ್ಲಿ ಮಲಗುತ್ತವೆಂಬುದನ್ನು ಗಮನಿಸಿ, ಮರದ ಬುಡದಲ್ಲಿ ಕಲ್ಲೊಂದನ್ನು ಇಟ್ಟುಬಂದು, ಬೆಳಿಗ್ಗೆ ಹೋಗಿ ಎತ್ತಿ ನೋಡುವ ತಂತ್ರವನ್ನು ತಾನೇ ಕಂಡುಹಿಡಿದಿದ್ದುದಾಗಿ 1999ರಲ್ಲಿ ಟೈಮ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಅವರು ಹೇಳಿಕೊಂಡಿದ್ದಾರೆ. ಕಾಲಕ್ರಮದಲ್ಲಿ ನಗರವು ಚಾಚಿಕೊಂಡು ಬಂದು ಆ ಗದ್ದೆಗಳ ಮೇಲೆ ಡಾಂಬರು ಬಿತ್ತು. ಮೀನು ಹಿಡಿಯುತ್ತಿದ್ದ ಕೊಳವಿದ್ದ ಜಾಗದಲ್ಲಿ ವಿಡಿಯೋ ಗೇಮುಗಳ ಮಳಿಗೆ ಎದ್ದಿತು. ಹುಳು ಹಿಡಿಯುವ ಹುಡುಗನು ಆ ಮಳಿಗೆಯೊಳಕ್ಕೆ ಹೋದನು. 1983ರಲ್ಲಿ 'ಗೇಮ್ ಫ್ರೀಕ್' ಎಂಬ ಹೆಸರಿನ, ಆಟಗಳ ಮರ್ಮವನ್ನು ತಿಳಿಸುವ ಕೈಬರಹದ ಪತ್ರಿಕೆಯನ್ನು ಹೊರಡಿಸಿದನು. 1989ರಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಕಟ್ಟಿದನು. ಆ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಕೆನ್ ಸುಗಿಮೋರಿ ಮುಂದೆ ಈ ಪ್ರಾಣಿಗಳ ಪ್ರಮುಖ ರೂಪಶಿಲ್ಪಿಯಾದನು.

ನಮ್ಮಲ್ಲಿ ಡಾಂಬರು ಬರಲಿಲ್ಲ, ನೀರು ಬಂತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಗಿ, ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ತಣಿಸಿ, ಉಳಿದದ್ದು ಉಳಿದಂತೆ ಕೊನೆಯ ಭಾಗದ ಮಾನ್ವಿಯ ಕಡೆಗೆ ಹರಿದು ಬಂದ ಮೇಲೆ, ನೀರು ತಲುಪಿದಲ್ಲೆಲ್ಲ ಜೋಳ ಸಜ್ಜೆಗಳು ಹಿಂದೆ ಸರಿದು ಭತ್ತದ ಗದ್ದೆ ಎದ್ದಿತು. ಗದ್ದೆಯ ಹಿಂದೆಯೇ ಔಷಧಿ ಹೊಡೆಯುವ ಪಂಪೂ ಬಂತು. ಬದುವಿನ ಜಾಲಿಗಳಿಗೆ ಕೊಡಲಿ ಬಿತ್ತು. ಅನ್ನ ಕೊಟ್ಟ ನೀರನ್ನು ದೂರುವಷ್ಟು ಕೃತಘ್ನನು ನಾನಲ್ಲ. ಮಿರಗದ ಮಳೆಯ ಮರುದಿನ ಮಸಾರಿ ನೆಲದ ಮೇಲೆ ಕುಂಕುಮದ ಹನಿಗಳಂತೆ ಹರಿದಾಡುತ್ತಿದ್ದ ಮಖಮಲ್ಲಿನ ಹುಳುಗಳನ್ನು ನನ್ನ ಅಳಿಯನು ನೋಡಿಲ್ಲವೆಂಬುದು ಮಾತ್ರ ನಿಜ.

ಇನ್ನು ಆಟದ ಸ್ವರೂಪಕ್ಕೆ ಬರೋಣ. ರೋಲ್ ಪ್ಲೇಯಿಂಗ್ ಗೇಮ್ ಎಂಬ ಪ್ರಕಾರವನ್ನು ಬಯಲಾಟದ ನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: ಆಡುವವನು ಒಂದು ಪಾತ್ರವನ್ನು ಧರಿಸಿ, ಆ ಪಾತ್ರದ ಬಲಾಬಲಗಳನ್ನು ಹೊತ್ತು, ಕಥೆಯೊಳಗೆ ಹೆಜ್ಜೆಯಿಡುತ್ತಾನೆ, ಗೆದ್ದಂತೆಲ್ಲ ಪಾತ್ರದ ಬಲ ಅಂಕಿಗಳ ರೂಪದಲ್ಲಿ ಏರುತ್ತದೆ. ಜಪಾನಿನಲ್ಲಿ 1986ರಲ್ಲಿ ಯೂಜಿ ಹೋರಿಯಿಯ 'ಡ್ರ್ಯಾಗನ್ ಕ್ವೆಸ್ಟ್', ಮರುವರ್ಷ ಹಿರೊನೊಬು ಸಕಗುಚಿಯ 'ಫೈನಲ್ ಫ್ಯಾಂಟಸಿ' ಈ ಪ್ರಕಾರಕ್ಕೆ ಗಟ್ಟಿಯಾದ ತಳಹದಿಯನ್ನು ಹಾಕಿದ್ದವು. ಅಲ್ಲಿ ಖಡ್ಗವಿತ್ತು, ಮಂತ್ರವಿತ್ತು, ಪ್ರಳಯದ ಅಂಚಿನಲ್ಲಿದ್ದ ಲೋಕವಿತ್ತು. ತಾಜಿರಿಯ ಆಟದಲ್ಲಿ ಇವಾವುವೂ ಇರಲಿಲ್ಲ. ಸಣ್ಣ ಊರೊಂದರ ಹುಡುಗನು ಟಿವಿ ನೋಡುತ್ತಿರುವ ತಾಯಿಗೆ ಹೇಳಿ ಮನೆಯಿಂದ ಹೊರಡುತ್ತಾನೆ. ಮರದ ಹೆಸರನ್ನು ಹೊತ್ತ ಒಬ್ಬ ಪ್ರಾಧ್ಯಾಪಕ ಅವನಿಗೆ ಮೂರರಲ್ಲಿ ಒಂದು ಪ್ರಾಣಿಯನ್ನು ಆರಿಸಿಕೊಳ್ಳೆಂದು ಕೊಡುತ್ತಾನೆ. ಎತ್ತರದ ಹುಲ್ಲಿನೊಳಗೆ ಕಾಲಿಟ್ಟರೆ ಇನ್ನೊಂದು ಪ್ರಾಣಿ ಎದ್ದುಬರುತ್ತದೆ. ಕಾದಾಡುವುದು ಹುಡುಗನಲ್ಲ, ಅವನ ಜೇಬಿನ ಚೆಂಡಿನೊಳಗಿರುವ ಪ್ರಾಣಿ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಕುಡಿಯುತ್ತದೆ. ಇಷ್ಟು ಬೀಜಸೂತ್ರದಿಂದ ಹದಿನೈದು ಜಾತಿಗಳ ಬಲಾಬಲದ ಕೋಷ್ಟಕವೊಂದು ಹೆಣೆದುಕೊಂಡಿತ್ತು. ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟವನ್ನು ಆಡಿದವರಿಗೆ ಇದರ ರುಚಿ ತಿಳಿಯಲು ಅರ್ಧ ಗಂಟೆ ಸಾಕು.

ಆದರೆ ಆಟದ ಜೀವಾಳವಿದ್ದದ್ದು ಒಂದು ದಾರದಲ್ಲಿ. 1989ರಲ್ಲಿ ನಿಂಟೆಂಡೋ ಸಂಸ್ಥೆ ಹೊರತಂದಿದ್ದ ಗೇಮ್ ಬಾಯ್ ಎಂಬ ಕೈಪೆಟ್ಟಿಗೆ, ನಾಲ್ಕು ಸಣ್ಣ ಸೆಲ್ಲುಗಳಿಂದ ನಡೆಯುವ, ನಾಲ್ಕೇ ಛಾಯೆಗಳ ಮಾಸಲು ಹಸುರು ತೆರೆಯ ಯಂತ್ರ. ಎರಡು ಪೆಟ್ಟಿಗೆಗಳನ್ನು ಜೋಡಿಸಲು ಅದಕ್ಕೊಂದು ತಂತಿಯಿತ್ತು. ಬೇರೆಯವರು ಆ ತಂತಿಯ ಮೂಲಕ ಪರಸ್ಪರ ಸೆಣಸುವುದನ್ನು ಕಂಡರು. ತಾಜಿರಿಯ ಕಣ್ಣಿಗೆ ಅದರ ಮೇಲೆ ಒಂದು ಹುಳು ಹರಿದುಹೋಗುವುದು ಕಂಡಿತು. ಆ ದರ್ಶನದಿಂದಲೇ ಆಟದ ವಿಧಾನ ರೂಪುಗೊಂಡಿತು. ಕೆಂಪು ಆವೃತ್ತಿಯಲ್ಲಿರುವ ಕೆಲವು ಪ್ರಾಣಿಗಳು ಹಸುರಿನಲ್ಲಿಲ್ಲ, ಹಸುರಿನವು ಕೆಂಪಿನಲ್ಲಿಲ್ಲ. ಮೂರು ಪ್ರಾಣಿಗಳಲ್ಲಿ ಒಂದನ್ನು ಆರಿಸಿದವನಿಗೆ ಉಳಿದೆರಡು ಸಿಕ್ಕುವುದಿಲ್ಲ. ಅಷ್ಟು ಮಾತ್ರವಲ್ಲದೆ ಕಡಾಬ್ರಾ, ಮಚೋಕ್, ಗ್ರಾವೆಲರ್, ಹಾಂಟರ್ ಎಂಬ ನಾಲ್ಕು ಪ್ರಾಣಿಗಳು ತಂತಿಯ ಮೂಲಕ ಇನ್ನೊಬ್ಬರ ಕೈ ಸೇರಿದಾಗಲೇ ತಮ್ಮ ಅಂತಿಮ ರೂಪವನ್ನು ತಾಳುತ್ತವೆ. ಎಷ್ಟೇ ನಿಪುಣನಾದರೂ ಒಬ್ಬಂಟಿಯಾಗಿ ಆಡುವವನಿಗೆ ಈ ಆಟ ಪೂರ್ಣವಾಗುವುದಿಲ್ಲ. ನೆರೆಮನೆಯವನ ಸ್ನೇಹವನ್ನು ಗಣಿತದ ನಿಯಮವನ್ನಾಗಿ ಮಾಡಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಆಟವನ್ನು ಸಿದ್ಧಪಡಿಸಲು ಆರು ವರ್ಷ ಹಿಡಿಯಿತು, ಸಂಸ್ಥೆ ಮುಳುಗುವ ಸ್ಥಿತಿಗೆ ಬಂದಿತ್ತು, ಕೆಲವರು ಬಿಟ್ಟುಹೋದರು. ಹೊರಬಂದಾಗಲೂ ಗೇಮ್ ಬಾಯ್ ಮುದಿಯಾಗಿತ್ತು, ಯಾರೂ ದೊಡ್ಡ ನಿರೀಕ್ಷೆಯನ್ನು ಇಟ್ಟುಕೊಂಡಿರಲಿಲ್ಲ. ಅದನ್ನು ಎತ್ತಿ ನಿಲ್ಲಿಸಿದ್ದು, ವಿಚಿತ್ರವೆಂದರೆ, ಒಂದು ಕಳ್ಳಪ್ರವೇಶ. ದೋಷಪರೀಕ್ಷೆಯ ಸಾಧನಗಳನ್ನು ತೆಗೆದ ಮೇಲೆ ಉಳಿದ ಮುನ್ನೂರು ಬೈಟುಗಳಷ್ಟು ಜಾಗದಲ್ಲಿ ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ತಮಾಷೆಗೆಂದು 'ಮ್ಯೂ' ಎಂಬ ನೂರೈವತ್ತೊಂದನೆಯ ಪ್ರಾಣಿಯನ್ನು ತೂರಿಸಿಬಿಟ್ಟಿದ್ದನು. ಆಟಗಾರರಿಗೆ ಸಿಕ್ಕಬಾರದಿದ್ದ ಈ ಪ್ರಾಣಿಯ ವದಂತಿ ಶಾಲೆಯ ಅಂಗಳಗಳಲ್ಲಿ ಹಬ್ಬಿ, ಕೊನೆಗೆ ಕೊರೊಕೊರೊ ಎಂಬ ಮಕ್ಕಳ ಮಾಸಪತ್ರಿಕೆ ಅದನ್ನು ಇಪ್ಪತ್ತು ಮಂದಿಗೆ ಬಹುಮಾನವಾಗಿ ಕೊಡುವುದಾಗಿ ಸಾರಿದಾಗ ಸುಮಾರು 78,000 ಅರ್ಜಿಗಳು ಬಂದವು. ಕಡ್ಡಿಪೆಟ್ಟಿಗೆಯನ್ನು ತೆರೆಯದೆ "ಇದ್ರಾಗ ಏನೈತಿ ಹೇಳು ನೋಡೂಣು" ಎಂದು ಕಾಡಿಸುತ್ತಿದ್ದ ನನ್ನ ಗೆಳೆಯನಿಗೆ ಈ ವ್ಯಾಪಾರದ ಗುಟ್ಟು ಹುಟ್ಟಿನಿಂದಲೇ ಗೊತ್ತಿತ್ತು.

ಎರಡನೆಯ ಸಂತತಿಯಾದ ಚಿನ್ನ-ಬೆಳ್ಳಿ ಆವೃತ್ತಿಗಳು 1999ರ ನವೆಂಬರಿನಲ್ಲಿ ಬಂದವು. ಮೂವತ್ತು ವರ್ಷಗಳ ಈ ಪರಂಪರೆಯಲ್ಲಿ ಕಲ್ಪನೆಯ ದೃಷ್ಟಿಯಿಂದ ಅತ್ಯಂತ ಶ್ರೀಮಂತವಾದದ್ದು ಇದೇ ಎಂಬುದು ನನ್ನ ಎಣಿಕೆ, ಒಪ್ಪದವರೂ ಇರಬಹುದು. ನೂರು ಹೊಸ ಪ್ರಾಣಿಗಳು ಸೇರಿದವು, ಗಂಡು ಹೆಣ್ಣೆಂಬ ಭೇದ ಬಂತು, ತತ್ತಿಯಿಂದ ಮರಿಯಾಗುವ ಕ್ರಮ ಬಂತು. ಇವೆಲ್ಲಕ್ಕಿಂತ ಮಿಗಿಲಾಗಿ ಆಟದೊಳಗೆ ಕಾಲವೆಂಬುದು ಪ್ರವೇಶಿಸಿತು. ಆಟದ ಕಾರ್ಟ್ರಿಜ್‌ನಲ್ಲಿ ಹುದುಗಿಸಿದ್ದ ಗಡಿಯಾರವು ಆಡುವವನ ಮನೆಯ ಗೋಡೆಯ ಗಡಿಯಾರದೊಂದಿಗೆ ಹೆಜ್ಜೆಹಾಕುತ್ತಿತ್ತು: ಮುಂಜಾನೆ ಕಾಣುವ ಪ್ರಾಣಿ ರಾತ್ರಿ ಕಾಣದು, ಗೂಬೆ ಹಗಲಲ್ಲಿ ಹೊರಬಾರದು. ಮಂಗಳವಾರ, ಗುರುವಾರ, ಶನಿವಾರಗಳಂದು ಮಾತ್ರ ಒಂದು ಉದ್ಯಾನದಲ್ಲಿ ಹುಳು ಹಿಡಿಯುವ ಸ್ಪರ್ಧೆ ನಡೆಯುತ್ತಿತ್ತು. ಶಾಲೆಗೆ ಹೋಗುವ ಮಗು ಶನಿವಾರಕ್ಕಾಗಿ ಕಾಯಬೇಕು. ನಮ್ಮ ಹಳ್ಳಿಗಳಲ್ಲಿ ವಾರ ತಿಥಿಗಳು ಬದುಕನ್ನು ಆಳುವ ಹಾಗೆಯೇ ಅಲ್ಲಿಯೂ ಆಳಿದವು.

ಆ ಆಟದ ಕೊನೆಯನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೊಸ ನಾಡಿನ ಎಲ್ಲ ಮಲ್ಲರನ್ನೂ ಗೆದ್ದು, ಗಡಿ ದಾಟಿ, ಮೊದಲ ಆಟದ ಹಳೆಯ ನಾಡಿಗೇ ಮರಳಿ, ಅಲ್ಲಿಯೂ ಗೆದ್ದು, ಹದಿನಾರು ಪದಕಗಳನ್ನು ಕೂಡಿಸಿಕೊಂಡ ಬಳಿಕ, ಪರ್ವತವೊಂದರ ಗವಿಯನ್ನು ಏರಿಳಿದು ತುದಿ ಮುಟ್ಟಿದರೆ, ಅಲ್ಲಿ ಒಬ್ಬ ಹುಡುಗ ಒಂಟಿಯಾಗಿ ನಿಂತಿದ್ದಾನೆ. ಅವನು ಮಾತಾಡುವುದಿಲ್ಲ, ಅವನ ಬಾಯಿಂದ ಹೊರಡುವುದು ಸಾಲು ಚುಕ್ಕಿಗಳು ಮಾತ್ರ. ಅವನೇ ಮೊದಲ ಆಟದ ನಾಯಕ, ಎಂದರೆ ಮೂರು ವರ್ಷಗಳ ಹಿಂದೆ ಕೆಂಪು ಆವೃತ್ತಿಯನ್ನು ಆಡಿದ್ದ ನೀವೇ. ತನ್ನ ಹಿಂದಿನ ತನ್ನನ್ನು ತಾನೇ ಎದುರಿಸಬೇಕಾದ ಆ ಮೌನದ ಕಾಳಗವನ್ನು ಮಕ್ಕಳ ಆಟದೊಳಗೆ ಇಟ್ಟವರ ಧೈರ್ಯ ಮೆಚ್ಚತಕ್ಕದ್ದು.

ಆ ಕಾಲದ ಆಟಗಳಿಗೆ ಇನ್ನೊಂದು ಗುಣವಿತ್ತು. ಅದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಅರಿಯೆ. ಮಗುವು ಹಿಡಿದಿಟ್ಟ ಪ್ರಾಣಿಗಳ ನೆನಪನ್ನು ಕಾಯುತ್ತಿದ್ದುದು ಆಟದ ಕಾರ್ಟ್ರಿಜ್‌ನೊಳಗೆ ಬೆಸುಗೆ ಹಾಕಿದ್ದ, ಗುಂಡಿಯಷ್ಟು ಅಗಲದ ಒಂದು ಸೆಲ್. ವರ್ಷಗಳು ಕಳೆದಂತೆ ಆ ಸೆಲ್ ಬತ್ತಿಹೋಗುತ್ತದೆ. ಗಡಿಯಾರವನ್ನೂ ನಡೆಸಬೇಕಾಗಿದ್ದ ಚಿನ್ನ-ಬೆಳ್ಳಿಗಳಲ್ಲಿ ಇನ್ನೂ ಬೇಗ ಬತ್ತುತ್ತದೆ. ಅಟ್ಟದ ಪೆಟ್ಟಿಗೆಯಿಂದ ಬಾಲ್ಯದ ಆಟವನ್ನು ತೆಗೆದು ಹೊತ್ತಿಸಿದವನಿಗೆ, ಹೊಸದಾಗಿ ಆರಂಭಿಸು ಎಂಬುದರ ಹೊರತು ಬೇರೇನೂ ಕಾಣದು. ಕಡ್ಡಿಪೆಟ್ಟಿಗೆಯ ಜೀರಂಗಿಯೂ ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಕಾಲು ಮಡಚಿಕೊಂಡು ಮಲಗಿರುತ್ತಿತ್ತು.

2002ರ ಮಾಣಿಕ್ಯ-ನೀಲ ಆವೃತ್ತಿಗಳ ನಿರ್ದೇಶನದ ಹೊಣೆಯನ್ನು ಜುನಿಚಿ ಮಸುದಾ ಹೊತ್ತರು. ಪ್ರಾಣಿಗಳ ಒಟ್ಟು ಸಂಖ್ಯೆ 386 ಆಯಿತು, ಪ್ರತಿಯೊಂದಕ್ಕೂ ಸ್ವಭಾವವೂ ಸಹಜ ಗುಣವೂ ಬಂದವು, ಇಬ್ಬಿಬ್ಬರ ಕಾಳಗ ಬಂತು. ಹಳೆಯ ಪೆಟ್ಟಿಗೆಗಳ ಪ್ರಾಣಿಗಳನ್ನು ಇಲ್ಲಿಗೆ ತರಲಾಗದೆ ಹಳಬರು ಮುನಿದರು. 2004ರಲ್ಲಿ ಮೊದಲ ಆಟವನ್ನು ಪುನಾರಚಿಸಿದಾಗ ತಂತಿಯ ಬದಲು ತಂತಿಯಿಲ್ಲದ ಜೋಡಣೆಯ ಸಾಧನವನ್ನು ಜೊತೆಗೆ ಕೊಟ್ಟರು; 2006ರ ವಜ್ರ-ಮುತ್ತು ಆವೃತ್ತಿಗಳು ಅಂತರ್ಜಾಲಕ್ಕೆ ಹಾರಿದವು. ನಿನ್ನಲ್ಲಿರುವುದನ್ನು ಇಲ್ಲಿ ಇಟ್ಟು, ಬೇಕಾದುದರ ಹೆಸರನ್ನು ಬರೆದುಹೋಗು. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಕೊಟ್ಟು ಒಯ್ಯುತ್ತಾರೆ. ಸಂತೆಗೆ ಅದು ಸರಿ. ಆದರೆ ಕೊಟ್ಟವನ ಮುಖ ಕಾಣದು, ಚೌಕಾಸಿಯಿಲ್ಲ, ಬಳಪದ ತುಂಡಿಲ್ಲ.

2010ರ ಕಪ್ಪು-ಬಿಳುಪು ಆವೃತ್ತಿಗಳಲ್ಲಿ ಸರಣಿ ತನ್ನನ್ನೇ ಪ್ರಶ್ನಿಸಿಕೊಂಡಿತು. 156 ಹೊಸ ಪ್ರಾಣಿಗಳನ್ನು ಸೃಷ್ಟಿಸಿ, ಮುಖ್ಯಕಥೆ ಮುಗಿಯುವ ತನಕ ಹಳೆಯ ಒಂದನ್ನೂ ತೋರಿಸದೆ ಇಟ್ಟದ್ದು ಒಂದು ಸಾಹಸ. ಅದಕ್ಕಿಂತ ದೊಡ್ಡದು, ಪ್ರಾಣಿಗಳನ್ನು ಹೀಗೆ ಹಿಡಿದು ಚೆಂಡಿನೊಳಗೆ ಕೂಡಿಹಾಕಿ ಕಾದಾಡಿಸುವುದು ಧರ್ಮವೇ ಎಂದು ಕೇಳುವ 'ಎನ್' ಎಂಬ ಏಕಾಕ್ಷರದ ತರುಣನನ್ನು ಎದುರಾಳಿಯಾಗಿ ನಿಲ್ಲಿಸಿದ್ದು. ಅವನ ಹಿಂದಿದ್ದ ಬಣದವರ ಉದ್ದೇಶ ಕಪಟದ್ದೆಂದು ಕಥೆ ಮುಂದೆ ಬಯಲು ಮಾಡಿ ಪ್ರಶ್ನೆಯಿಂದ ಜಾರಿಕೊಳ್ಳುತ್ತದೆ ನಿಜ. ಆದರೂ ಕೇಳಿದ್ದು ಕೇಳಿದಂತೆಯೇ ಉಳಿಯಿತು. ನನ್ನ ಅಜ್ಜಿ ಇದನ್ನು ಬೇರೆ ಮಾತಿನಲ್ಲಿ ಕೇಳುತ್ತಿದ್ದಳು: "ನಿನ್ನ ಯಾರರ ಡಬ್ಬ್ಯಾಗ ಹಾಕಿ ಮುಚ್ಚಿದ್ರ ಹೆಂಗ ಆಗ್ತದಲೇ?"

ಅಲ್ಲಿಂದ ಮುಂದೆ ಆಟ ಹಗುರವಾಗುತ್ತ ಹೋಯಿತು. 2013ರ ಎಕ್ಸ್-ವೈ ಆವೃತ್ತಿಗಳಲ್ಲಿ ಚಪ್ಪಟೆಯಾಗಿದ್ದ ಚಿತ್ರಗಳು ಮೈದುಂಬಿ ಮೂರು ಆಯಾಮಗಳನ್ನು ಪಡೆದವು, ಕಾಲ್ಪನಿಕ ಜಾತಿಗಳ ಸಂಖ್ಯೆ ಹದಿನೆಂಟಕ್ಕೆ ಏರಿತು, ಲೋಕಕ್ಕೆಲ್ಲ ಒಂದೇ ದಿನ ಆಟ ಬಿಡುಗಡೆಯಾಯಿತು. ಒಂದು ಪ್ರಾಣಿ ಕಾದಾಡಿ ಗಳಿಸಿದ ಅನುಭವವು ಜೇಬಿನಲ್ಲಿ ಸುಮ್ಮನಿದ್ದ ಉಳಿದ ಐದಕ್ಕೂ ಹಂಚಿಕೆಯಾಗುವ ಏರ್ಪಾಡು ಅದರಲ್ಲಿತ್ತು. ಬೇಡವಾದವರು ಅದನ್ನು ನಿಲ್ಲಿಸಬಹುದಾಗಿತ್ತು. 2019ರ ಹೊತ್ತಿಗೆ ನಿಲ್ಲಿಸುವ ಸ್ವಾತಂತ್ರ್ಯವೂ ಹೋಯಿತು. ಸೋತು, ಹಿಂದಿರುಗಿ, ಅದೇ ಹುಲ್ಲಿನಲ್ಲಿ ನೂರು ಸಲ ತಿರುಗಿ ಬಲ ಕೂಡಿಸಿಕೊಳ್ಳುತ್ತಿದ್ದ ಹಿಂದಿನ ತಲೆಮಾರಿನವರು ಇದನ್ನು ಕಂಡು ಮೂಗು ಮುರಿಯುವುದು ಸಹಜ. ಆದರೆ ಎಂಟು ವರ್ಷದ ಮಗುವಿಗಾಗಿ ಮಾಡಿದ ಆಟವನ್ನು ಮೂವತ್ತೈದರ ಹಿರಿಯನು ಕಷ್ಟ ಸಾಲದೆಂದು ದೂರುವುದರಲ್ಲಿ ನನಗಂತೂ ಸ್ವಲ್ಪ ತಮಾಷೆಯೇ ಕಾಣುತ್ತದೆ.

ನಮ್ಮ ದೇಶಕ್ಕೆ ಈ ಸರಣಿ ಹಿಂಬಾಗಿಲಿನಿಂದ ಬಂತು. ಕೇಬಲ್ ಟಿವಿಯ ಕಾರ್ಟೂನಿನಲ್ಲಿ, ಚಿಪ್ಸ್ ಪೊಟ್ಟಣದೊಳಗಿನ ಟ್ಯಾಜೋ ಬಿಲ್ಲೆಗಳಲ್ಲಿ, ಜಾತ್ರೆಯ ಬಲೂನುಗಳಲ್ಲಿ ಪಿಕಾಚುವೆಂಬ ಹಳದಿ ಇಲಿಯನ್ನು ಕಂಡ ಮಕ್ಕಳಲ್ಲಿ ಮೂಲ ಆಟವನ್ನು ಕಂಡವರು ಬಹಳ ಕಡಮೆ. ಯಲ್ಲಮ್ಮನ ಜಾತ್ರೆಯಲ್ಲಿ ಅಂಥ ಬಲೂನನ್ನು ನಾನೇ ಇವನಿಗೆ ಕೊಡಿಸಿದ್ದುಂಟು. 2016ರ ಡಿಸೆಂಬರಿನಲ್ಲಿ ಜಿಯೋ ಸಂಸ್ಥೆಯ ಸಹಯೋಗದಲ್ಲಿ ಭಾರತಕ್ಕೆ ಬಂದ ಪೋಕೆಮಾನ್ ಗೋ ಎಂಬ ಉಪಶಾಖೆ, ಫೋನು ಹಿಡಿದು ಬೀದಿಯಲ್ಲಿ ನಡೆದಾಡುತ್ತ ಹುಡುಕುವ ಆಟ, ಹುಡುಗರನ್ನು ಮನೆಯಿಂದ ಹೊರಗೆ ಎಳೆಯಿತು. ಆದರೆ ಅದರ ನಕ್ಷೆಯ ತಂಗುದಾಣಗಳು ಬಹುಮಟ್ಟಿಗೆ ಹಿಂದಿನ ಇನ್ನೊಂದು ಆಟವನ್ನು ಆಡಿದವರು ಗುರುತಿಸಿಕೊಟ್ಟವು. ಆ ಆಟಗಾರರು ಇದ್ದದ್ದು ನಗರಗಳಲ್ಲಿ. ಆದಕಾರಣ ಹಳ್ಳಿಗಾಡಿನ ನಕ್ಷೆ ಲೋಕದಾದ್ಯಂತ ಬರಡಾಗಿಯೇ ಉಳಿಯಿತು. ಹುಳು ಇರುವುದು ಹಳ್ಳಿಯಲ್ಲಿ, ಹುಳುವಿನ ಆಟ ಇರುವುದು ಪಟ್ಟಣದಲ್ಲಿ. 2023ರ ಡಿಸೆಂಬರಿನಲ್ಲಿ ಅದಕ್ಕೆ ಹಿಂದಿ ಸೇರಿತು, ಕನ್ನಡವಿಲ್ಲ. ಮೂಲ ಸರಣಿಯಲ್ಲಾದರೋ ಜಪಾನೀ, ಕೊರಿಯನ್, ಚೀನೀ ಮತ್ತು ಯೂರೋಪಿನ ಕೆಲವು ಭಾಷೆಗಳ ಹೊರತು ನಮ್ಮ ಯಾವ ಭಾಷೆಯೂ ಇಲ್ಲ. ಆಟದ ನಾಡುಗಳು ಜಪಾನಿನ ಕಾಂಟೋದಿಂದ ಹೊರಟು ನ್ಯೂಯಾರ್ಕ್, ಫ್ರಾನ್ಸ್, ಹವಾಯಿ, ಬ್ರಿಟನ್, ಸ್ಪೇನುಗಳ ಛಾಯೆಯನ್ನು ಹೊತ್ತು ತಿರುಗಿವೆ. ನಮ್ಮ ಕಡೆಗೆ ಇನ್ನೂ ಬಂದಿಲ್ಲ. ಬಂದರೆ ಜಾಲಿಯ ಗಿಡವನ್ನು ಮರೆಯದಿರಲಿ.

2019ರ ಖಡ್ಗ-ಗುರಾಣಿ ಆವೃತ್ತಿಗಳ ಕಾಲಕ್ಕೆ ಎದ್ದ ಕೋಲಾಹಲವನ್ನು ಅರ್ಥಮಾಡಿಕೊಳ್ಳಬೇಕಾದರೆ ಒಂದು ಸಂಗತಿಯನ್ನು ತಿಳಿದಿರಬೇಕು. 2002ರಲ್ಲಿ ಹಿಡಿದ ಪ್ರಾಣಿಯೊಂದನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ವಂಶದ ಬಂಗಾರದಂತೆ ದಾಟಿಸುತ್ತ ಹದಿನೇಳು ವರ್ಷ ಕಾಪಾಡಿಕೊಂಡು ಬಂದವರಿದ್ದರು. ಇನ್ನು ಮುಂದೆ ಎಲ್ಲ ಪ್ರಾಣಿಗಳಿಗೂ ಹೊಸ ಆಟದಲ್ಲಿ ಎಡೆಯಿಲ್ಲವೆಂದು ಆ ವರ್ಷದ ಜೂನಿನಲ್ಲಿ ಮಸುದಾ ಅವರೇ ಘೋಷಿಸಿದಾಗ, ಮನೆಯ ಹಿರಿಯರನ್ನು ಹೊಸ ಮನೆಯೊಳಕ್ಕೆ ಬಿಡಲಿಲ್ಲವೇನೋ ಎಂಬಷ್ಟು ಸಂಕಟವಾಯಿತು. ಸಾವಿರದ ಸಮೀಪಕ್ಕೆ ಬೆಳೆದ ಪ್ರಾಣಿಸಂಕುಲವೊಂದನ್ನು ಪ್ರತಿಸಲವೂ ಹೊಸದಾಗಿ ಚಿತ್ರಿಸಿ, ತೂಗಿ, ಸಮತೂಕ ಮಾಡುವುದು ಅಸಾಧ್ಯವೆಂಬ ತಯಾರಕರ ಮಾತೂ ಸುಳ್ಳಲ್ಲ. ಆದರೆ ಎಲ್ಲವನ್ನೂ ಹಿಡಿ, ಒಂದನ್ನೂ ಬಿಡಬೇಡ ಎಂದು ಇಪ್ಪತ್ತಮೂರು ವರ್ಷ ಹುರಿದುಂಬಿಸಿದವರು ಆಮೇಲೆ ಬಿಡು ಎಂದರೆ ಕೇಳುವವರಾರು?

2022ರ ಜನವರಿಯಲ್ಲಿ ಬಂದ 'ಲೆಜೆಂಡ್ಸ್ ಆರ್ಸಿಯಸ್' ನನ್ನ ಮನಸ್ಸನ್ನು ಗೆದ್ದಿತು. ಕಾಲವನ್ನು ಹಿಂದಕ್ಕೆ ಸರಿಸಿ, ಹೊಕ್ಕೈಡೋ ದ್ವೀಪದ ಪುರಾತನ ರೂಪವೆನಿಸುವ ಒಂದು ನಾಡಿನಲ್ಲಿ, ಪ್ರಾಣಿಗಳಿಗೆ ಮನುಷ್ಯರು ಹೆದರುತ್ತಿದ್ದ ಯುಗದಲ್ಲಿ ಕಥೆಯನ್ನು ಇರಿಸಿದ್ದಾರೆ. ಇಲ್ಲಿ ಹುಲ್ಲಿನೊಳಗೆ ಬಗ್ಗಿ, ಸದ್ದಾಗದಂತೆ ಹಿಂದಿನಿಂದ ಸರಿದು, ಗುರಿಯಿಟ್ಟು ಚೆಂಡನ್ನು ಎಸೆಯಬೇಕು. ಎಚ್ಚರ ತಪ್ಪಿದರೆ ಪ್ರಾಣಿ ಆಟಗಾರನ ಮೇಲೆಯೇ ಎರಗುತ್ತದೆ. ಹಿಡಿದರೆ ಸಾಲದು; ಅದು ಏನು ತಿನ್ನುತ್ತದೆ, ಯಾವಾಗ ಹೊರಬರುತ್ತದೆ, ಹೇಗೆ ಕಾದುತ್ತದೆ ಎಂಬುದನ್ನು ಗಮನಿಸಿ ಪುಸ್ತಕ ತುಂಬಬೇಕು. ಕಲ್ಲು ಇಟ್ಟುಬಂದು ಬೆಳಗಾಗುವುದನ್ನು ಕಾಯುತ್ತಿದ್ದ ಮಾಚಿದಾದ ಹುಡುಗನು ಇಪ್ಪತ್ತಾರು ವರ್ಷಗಳ ಮೇಲೆ ತನ್ನ ಆಟದೊಳಗೆ ಮತ್ತೆ ಕಾಣಿಸಿಕೊಂಡಂತಾಯಿತು.

ಅದೇ ಆಟದಲ್ಲಿ 'ಲಿಂಕಿಂಗ್ ಕಾರ್ಡ್' ಎಂಬ ಒಂದು ವಸ್ತುವಿದೆ. ಜೋಡಣೆಯ ಹಗ್ಗವೆಂದು ಹೇಳಬಹುದು. ಹಾಂಟರಿಗೆ ಅದನ್ನು ಕೊಟ್ಟರೆ ಇನ್ನೊಬ್ಬರ ಕೈಗೆ ಹೋಗದೆಯೇ ಅದು ತನ್ನ ಅಂತಿಮ ರೂಪವಾದ ಗೆಂಗಾರ್ ಆಗುತ್ತದೆ. 1996ರಲ್ಲಿ ಇಬ್ಬರು ಮಕ್ಕಳ ಮೊಣಕಾಲುಗಳ ನಡುವೆ ಜೋತುಬಿದ್ದಿದ್ದ ನಿಜವಾದ ತಂತಿ, ಕಾಲಕ್ರಮದಲ್ಲಿ ಗಾಳಿಯಾಗಿ, ಅಂತರ್ಜಾಲವಾಗಿ, ಕೊನೆಗೆ ಒಬ್ಬಂಟಿಗನು ತಾನೇ ತನ್ನ ಚೀಲದಿಂದ ತೆಗೆದು ಬಳಸಬಹುದಾದ ಸಾಮಗ್ರಿಯಾಗಿ ಆಟದೊಳಕ್ಕೇ ಸೇರಿಹೋಯಿತು. ಅನುಕೂಲವೆಂದರೆ ಅನುಕೂಲವೇ. ಸರಣಿಯ ಮೂವತ್ತು ವರ್ಷಗಳ ಚರಿತ್ರೆಯನ್ನು ಯಾರಾದರೂ ನನ್ನನ್ನು ಕೇಳಿದರೆ, ಸಾವಿರದಿಪ್ಪತ್ತೈದು ಪ್ರಾಣಿಗಳನ್ನು ಬಿಟ್ಟು ಆ ಒಂದು ಹಗ್ಗವನ್ನು ತೋರಿಸಿಯೇನು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅದೇ ವರ್ಷದ ನವೆಂಬರಿನ ಸ್ಕಾರ್ಲೆಟ್-ವಯೊಲೆಟ್ ಆವೃತ್ತಿಗಳಲ್ಲಿ ನಾಡೆಲ್ಲ ಬೇಲಿಯಿಲ್ಲದ ಬಯಲಾಯಿತು. ಎಲ್ಲಿಗೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು. ಚಿತ್ರಗಳು ತಡವರಿಸಿ, ಪಾತ್ರಗಳು ನೆಲದೊಳಗೆ ಹೂತು, ತಯಾರಕರು ಕ್ಷಮೆ ಕೇಳಬೇಕಾಗಿ ಬಂದರೂ ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಮಾರಾಟವಾದವು. 2025ರ ಅಕ್ಟೋಬರಿನ 'ಲೆಜೆಂಡ್ಸ್ ಜೆಡ್-ಎ' ಇಡೀ ಆಟವನ್ನು ಪ್ಯಾರಿಸಿನಂತಹ ಒಂದು ನಗರದೊಳಗೆ ಕಟ್ಟಿಹಾಕಿತು. ಸರದಿಯ ಮೇಲೆ ಏಟು ಕೊಡುವ ಹಳೆಯ ಮರ್ಯಾದೆಯನ್ನು ತೊರೆದು, ಕಣ್ಣೆದುರಿಗೆ ಕ್ಷಣಕ್ಷಣವೂ ನಡೆಯುವ ಕಾಳಗವನ್ನು ತಂದಿತು. ಕುಳಿತು ಯೋಚಿಸುವ ವ್ಯವಧಾನವಿರುವ ನನ್ನಂಥವರಿಗೆ ಅದು ಸ್ವಲ್ಪ ಆತುರದ ಆಟವೆನಿಸಿತು.

ನನ್ನ ಅಳಿಯನ ಕೈಯಲ್ಲಿದ್ದುದು ಇವಾವುದೂ ಅಲ್ಲ. ಹೊಸ ಯಂತ್ರದ ಬೆಲೆ ಅವರ ಮನೆಗೆ ಒಗ್ಗುವಂಥದಲ್ಲ. ಮೊಬೈಲ್ ಅಂಗಡಿಯ ಹುಡುಗನೊಬ್ಬನು ಎಮ್ಯುಲೇಟರ್ ಎಂಬ ಪರಕಾಯಪ್ರವೇಶದ ಸಾಧನವನ್ನು ಆ ಹಳೆಯ ಫೋನಿನೊಳಗೆ ಹಾಕಿಕೊಟ್ಟಿದ್ದನು. ಅದರೊಳಗಿದ್ದದ್ದು ಅಳಿಯನ ತಂದೆಯ ಬಾಲ್ಯದಷ್ಟು ಹಳೆಯದಾದ ಆ ಕೆಂಪು ಆವೃತ್ತಿ.

"ಇದೊಂದು ಹಾಂಟರ್ ನೋಡ್ರಿ ಮಾಮಾ, ಎಷ್ಟು ಬಲ ಮಾಡಿದ್ರೂ ಮುಂದಕ ಹೋಗವಲ್ದು" ಎಂದನು.

"ಯಾಕ?"

"ವಯರ್ ಬೇಕಂತ. ಇನ್ನೊಬ್ರ ಜೋಡಿ ಬದ್ಲಿ ಮಾಡಬೇಕಂತ. ಫೋನಿಗೆ ಎಲ್ಲಿಂದ ತರಬೇಕು ವಯರ್?"

ಸಂಜೆ ಅವನನ್ನು ಕರೆದುಕೊಂಡು ಗುಡ್ಡದ ಕಡೆಗೆ ಹೋದೆನು. ನೀರು ಹತ್ತದ ಎತ್ತರದ ಹೊಲದ ಬದುವಿನಲ್ಲಿ ಎರಡು ಜಾಲಿಗಳು ಉಳಿದಿವೆ. ಬಹಳ ಹೊತ್ತು ಹುಡುಕಿದ ಮೇಲೆ, ಮುಳ್ಳಿನ ಮರೆಯಲ್ಲಿ, ಎಲೆಯ ತುದಿಯನ್ನು ಕಚ್ಚಿಕೊಂಡು ಒಂದು ಜೀರಂಗಿ ಸಿಕ್ಕಿತು. ಅಂಗೈಯ ಮೇಲೆ ಇಟ್ಟಾಗ ಅದರ ಕಾಲಿನ ಕೊಕ್ಕೆಗಳು ಚರ್ಮಕ್ಕೆ ಹತ್ತಿದ್ದರಿಂದ ಹುಡುಗ ಒಮ್ಮೆ ಕೈ ಕೊಡವಿದನು. ಆಮೇಲೆ ಧೈರ್ಯ ಮಾಡಿ ಕಿವಿಯ ಹತ್ತಿರ ಹಿಡಿದನು. ಕಡ್ಡಿಪೆಟ್ಟಿಗೆಯ ಕಥೆಯನ್ನೂ ದೊಡ್ಡದಕ್ಕೆ ಎರಡು ಚಿಕ್ಕವುಗಳ ಲೆಕ್ಕವನ್ನೂ ನಾನು ಹೇಳಿದೆನು.

"ಆ ಹುಡುಗ ಈಗ ಎಲ್ಲಿ ಅದಾನ?" ಎಂದು ಕೇಳಿದನು.

ಮಳೆ ಕೈಕೊಟ್ಟ ಒಂದು ವರ್ಷ ಅವರ ಮನೆಯವರೆಲ್ಲ ಬೆಂಗಳೂರಿಗೆ ಗುಳೆ ಹೋದರು; ತಿರುಗಿ ಬರಲಿಲ್ಲ. ಹೋಗುವ ಹಿಂದಿನ ದಿನ ನಾವು ಬದಲು ಮಾಡಿಕೊಂಡಿದ್ದೆವು. ನನ್ನದು ಅವನ ಪೆಟ್ಟಿಗೆಯಲ್ಲಿತ್ತು, ಅವನದು ನನ್ನಲ್ಲಿ.

"ಆಮ್ಯಾಲ?"

ಜೀರಂಗಿ ಅವನ ಬೆರಳ ತುದಿಗೆ ಏರಿ, ರೆಕ್ಕೆ ಬಿಚ್ಚಿ, ಗದ್ದೆಗಳ ಕಡೆಗೆ ಹೋಯಿತು.